ಅಡ್ಡಹೆಸರಿಗೆ ಕಾಲಂ ಇಲ್ಲ

ಮಂಗಳವಾರ ಸಂಜೆ ಆರಕ್ಕೆ
ಸ್ಟಾರ್ನೊವೇ ಕಾಲೇಜಿನ ಹದಿನಾಲ್ಕನೇ ಕೋಣೆ.
ಒದ್ದೆ ಕೋಟುಗಳು ಹೀಟರಿನ ಮೇಲೆ ಹಬೆಯಾಡುತ್ತಿವೆ.
ವೃದ್ಧಾಶ್ರಮದ ಇಷ್‌ಬೆಲ್ ಸಮವಸ್ತ್ರದಲ್ಲೇ ಬಂದಿದ್ದಾಳೆ,
ತೋಳಿನ ಮೇಲೆ ಯಾರದೋ ಗಂಜಿಯ ಕಲೆ.
ಔಷಧದಂಗಡಿಯ ಝ್ಬಿಗ್ನೇವ್‌ಗೆ ಆಕಳಿಕೆ.
ನಾನು ಮುರ್ಡಿನಾ, ಐವತ್ತೇಳು,
ಇಪ್ಪತ್ತೊಂಬತ್ತು ವರ್ಷದಿಂದ ಮನೆಮನೆಗೆ ಹೋಗುವ ನರ್ಸ್.
ಕಲಿಸುವವನು ರೂರಿ.
ಅವನ ದಡಾರದ ಚುಚ್ಚುಮದ್ದು ನಾನೇ ಹಾಕಿದ್ದು;
ಅಳುತ್ತಾ ನನ್ನ ಕೈ ಕಚ್ಚಿದ್ದ.
ಈಗ ನನಗೇ ಹೇಳುತ್ತಾನೆ: "ಮೌಸ್ ಹಿಡಿದ ಕೈ ಸಡಿಲ ಬಿಡಿ."

ಇವತ್ತಿನ ಪಾಠ: ಎರಡು ಕಡೆ ಕೂತಿರುವ ಒಬ್ಬರನ್ನು ಪತ್ತೆಹಚ್ಚಿ
ಒಂದು ಮಾಡುವುದು.
ಹೆಸರು ಹೊಂದಿದರೆ ಇಷ್ಟು ಅಂಕ,
ಹುಟ್ಟಿದ ದಿನ ಹೊಂದಿದರೆ ಇಷ್ಟು,
ಊರು ಹೊಂದಿದರೆ ಮತ್ತಷ್ಟು;
ತೊಂಬತ್ತೆಂಟು ದಾಟಿತೋ, ಗುಂಡಿ ಒತ್ತಿ.
ಪರದೆಯ ಮೇಲೆ ಎರಡು ಸಾಲು:
ಆಂಗಸ್ ಮ್ಯಾಕಿವರ್.
ಆಂಗಸ್ ಮ್ಯಾಕಿವರ್.
"ಹೆದರಬೇಡಿ, ಇವೆಲ್ಲ ಕಟ್ಟಿದ ಹೆಸರುಗಳು" ಎಂದ.
ಇರಬಹುದು. ನಮ್ಮ ದ್ವೀಪದಲ್ಲಿ
ಹೆಸರು ಕಟ್ಟಲು ಕೂತರೂ ಅದೇ ಹೆಸರೇ ಬರುತ್ತದೆ.

ನನ್ನ ಬೆರಳು ಗುಂಡಿಯ ಮೇಲೆ ನಿಂತಿತು.

ನನಗೆ ಗೊತ್ತಿದ್ದ ಆಂಗಸರು ಇಬ್ಬರು,
ಒಂದೇ ರಸ್ತೆ, ಒಂದೇ ಇಸವಿ, ಒಂದೇ ಮಾರ್ಚ್ ಮೂರು.
ಒಬ್ಬ ಬಂಗುಡೆ; ಅಪ್ಪನ ದೋಣಿಯಿಂದ ಬಂದ ಹೆಸರು,
ಅವನು ಮಾತ್ರ ಮೀನು ಮುಟ್ಟಿದವನಲ್ಲ.
ಇನ್ನೊಬ್ಬ ಗಡಿಯಾರ; ಯಾವತ್ತೂ ತಡವಾಗಿ ಬರುವವನು,
ಅದಕ್ಕೇ.
ಊರಿಗೆ ಊರೇ ಹಾಗೆ ಕರೆಯುತ್ತಿತ್ತು. ಪಾದ್ರಿ ಕೂಡ,
ಪೀಠದಿಂದ ಇಳಿದ ಮೇಲೆ.

ಕಳೆದ ನವೆಂಬರಿನಲ್ಲಿ ಗಡಿಯಾರ ನಿಂತ.
ಎಲ್ಲೋ, ಸಮುದ್ರದಾಚೆಯ ಯಾವುದೋ ಮೇಜಿನಲ್ಲಿ,
ಯಾರೋ ಗುಂಡಿ ಒತ್ತಿದರು.
ಬಂಗುಡೆಯ ಮಾತ್ರೆ ಬರಲಿಲ್ಲ. ಕಣ್ಣಿನ ಆಪರೇಷನ್ನಿನ ದಿನ ರದ್ದಾಯಿತು.
ಮಧ್ಯಾಹ್ನ ಊಟ ತರುವ ಹುಡುಗಿ ಬಾಗಿಲು ತಟ್ಟಲಿಲ್ಲ.
ಸಂತಾಪದ ಪತ್ರವೊಂದು ಬಂತು, ಮನೆಯವರಿಗೆ;
ಮನೆಯವರು ಅಂದರೆ ಅವನೇ.
ಫೋನ್ ಮಾಡಿದ: "ಮುರ್ಡಿನಾ, ನಾನು ಸತ್ತಿದ್ದೇನಂತೆ.
ಆಲೂಗೆಡ್ಡೆ ಬೇಯಲು ಇಟ್ಟಿದ್ದೆ. ಇಳಿಸಲೋ, ಬಿಡಲೋ?"

ನಕ್ಕೆವು.
ಅವನು ಬದುಕಿದ್ದಾನೆಂದು ಒಪ್ಪಿಸಲು ಹತ್ತೊಂಬತ್ತು ದಿನ ಹಿಡಿಯಿತು.
ಇಪ್ಪತ್ತನೆಯ ದಿನ ಈ ಕೋರ್ಸಿಗೆ ಅರ್ಜಿ ಹಾಕಿದೆ.

"ಅಡ್ಡಹೆಸರಿಗೆ ಒಂದು ಕಾಲಂ ಇದ್ದರೆ?" ಕೇಳಿದೆ.
ರೂರಿ ತಲೆ ಕೆರೆದುಕೊಂಡ. "ಮಾನದಂಡದಲ್ಲಿ ಇಲ್ಲ.
ಕೊನೆಯಲ್ಲೊಂದು ಟಿಪ್ಪಣಿಯ ಪೆಟ್ಟಿಗೆ ಇದೆ.
ಅದನ್ನು ಯಂತ್ರ ಓದುವುದಿಲ್ಲ."
"ಮನುಷ್ಯರು?"
"ಅವರೂ ಅಪರೂಪ."
ಇಷ್‌ಬೆಲ್ ಜೋರಾಗಿ ನಕ್ಕಳು. ನಗುವ ಮಾತೇ ಅಲ್ಲ.

ಬೈಯುವುದು ಸುಲಭ. ಆದರೆ ನನ್ನ ತಲೆಯೂ ಒಂದು ಫೈಲೇ,
ಬೀಗ ಹಾಕಿದ್ದು, ನಕಲು ಇಲ್ಲದ್ದು,
ಮುಂದಿನ ಜೂನಿಗೆ ನಿವೃತ್ತಿಯಾಗುವಂಥದು.
ನನ್ನ ದಾರಿ ಹಿಡಿಯುವವಳು ಇಲೋಯ್ಲೊದಿಂದ ಬಂದ ಮಾರಿವಿಕ್;
ಜಾಣೆ, ನರ ಹುಡುಕುವ ಬೆರಳು ನನ್ನದಕ್ಕಿಂತ ಮೃದು.
ಯಾವ ಆಂಗಸ್ ಎಂದು ಅವಳು ಯಾರನ್ನು ಕೇಳಬೇಕು?
ಗಾಳಿಯನ್ನೇ?

ಒಂಬತ್ತಕ್ಕೆ ಹೊರಟೆ.
ಇವತ್ತು ಹಡಗಿಲ್ಲ ಎಂಬ ಬೋರ್ಡು ಬಂದರಿನಲ್ಲಿ ಮಗುಚಿ ಬಿದ್ದಿತ್ತು.
ಗಡಿಯಾರನ ಮನೆಯಲ್ಲಿ ಕತ್ತಲೆ.
ಬಂಗುಡೆಯ ಮನೆಯಲ್ಲಿ ಟಿವಿ, ಬೀದಿಗೆಲ್ಲ ಕೇಳುವಷ್ಟು.

ಬೆಳಿಗ್ಗೆ ಚಿಕಿತ್ಸಾಲಯದಲ್ಲಿ, ಕೋಟು ಬಿಚ್ಚುವ ಮೊದಲೇ,
ಅವನ ದಾಖಲೆ ತೆರೆದು ಆ ಪೆಟ್ಟಿಗೆಯಲ್ಲಿ ಕುಟ್ಟಿದೆ, ಎರಡೇ ಬೆರಳಲ್ಲಿ:
ಊರಲ್ಲಿ ಬಂಗುಡೆ ಎನ್ನುತ್ತಾರೆ. ಮೀನು ತಿನ್ನುವುದಿಲ್ಲ.
ಎಡಗಿವಿ ಕೇಳಿಸದು, ಬಲಕ್ಕೆ ಕೂತು ಮಾತಾಡಿ.
ಇದೇ ರಸ್ತೆಯ ಇನ್ನೊಬ್ಬ ಆಂಗಸ್ ಇವನಲ್ಲ.
ಇವನು ಇದ್ದಾನೆ.

ಹದಿಮೂರು ಅಕ್ಷರ ಬಾಕಿ, ಎಂದಿತು ಪರದೆ.
ಕೋಟು ಇನ್ನೂ ಮೈಮೇಲೇ ಇತ್ತು. ಕೂತು ಯೋಚಿಸಿದೆ.